ಕ್ರೂಸ್ ಹತ್ತುವ ಮೊದಲು ಲಸಿಕೆ: ಯಾವುದು, ಯಾವಾಗ, ಯಾರಿಗೆ

ಕ್ರೂಸ್ ಬುಕ್ ಮಾಡಿದವರು ಲಸಿಕೆ ವಿಷಯದಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಕಂಪನಿಯವರು ಸರ್ಟಿಫಿಕೇಟ್ ಕೇಳ್ತಾರಾ?" ಇಲ್ಲ ಎಂದು ಗೊತ್ತಾದರೆ ಸಾಕು, ಮಾತು ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಎಲ್ಲರ ಗಮನವೂ ಬಟ್ಟೆ, ಕ್ಯಾಮೆರಾ, ಯಾವ ಡೆಕ್‌ನಲ್ಲಿ ಕ್ಯಾಬಿನ್ ಎನ್ನುವುದರ ಕಡೆಗೆ.

ಆದರೆ ಕಂಪನಿ ಕೇಳುವುದು ತನ್ನ ಹಡಗು ಯಾವುದೇ ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳದಿರಲು ಎಷ್ಟು ಬೇಕೋ ಅಷ್ಟನ್ನು ಮಾತ್ರ. ನಿಮಗೆ, ನಿಮ್ಮ ಜೊತೆ ಬರುವ ವಯಸ್ಸಾದ ಅಮ್ಮನಿಗೆ, ಮಡಿಲಲ್ಲಿರುವ ಮಗುವಿಗೆ ಏನು ಬೇಕು ಅನ್ನುವುದು ಬೇರೆಯೇ ಲೆಕ್ಕ. ಅದನ್ನು ನಾವೇ ಹಾಕಿಕೊಳ್ಳಬೇಕು. ಹೇಗೆ ಅನ್ನುವುದಕ್ಕೆ ಈ ಲೇಖನ.

ಹಡಗಿಗೆ ಇಷ್ಟೊಂದು ಯೋಚನೆ ಯಾಕೆ?

ದೊಡ್ಡ ಹಡಗಿನಲ್ಲಿ ಪ್ರಯಾಣಿಕರು, ಸಿಬ್ಬಂದಿ ಸೇರಿ ಸಾವಿರಾರು ಜನ ಇರುತ್ತಾರೆ. ಅದೇ ಲಿಫ್ಟ್, ಅದೇ ಮೆಟ್ಟಿಲಿನ ಕಂಬಿ, ಅದೇ ಬಫೆಯ ಸೌಟು. ವಿಮಾನದಲ್ಲಾದರೆ ಕೆಲವು ಗಂಟೆ ಜೊತೆಗಿದ್ದು ಇಳಿದು ಹೋಗುತ್ತೇವೆ. ಇಲ್ಲಿ ವಾರಗಟ್ಟಲೆ ಜೊತೆಗಿರುತ್ತೇವೆ. ಜೊತೆಗೆ, ಕ್ರೂಸ್‌ನಲ್ಲಿ ವಯಸ್ಸಾದವರ ಸಂಖ್ಯೆ ಜಾಸ್ತಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಉಸಿರಾಟದ ತೊಂದರೆ ಇರುವವರೂ ಇರುತ್ತಾರೆ.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ನೆನಪಿದೆ ಅಲ್ವಾ? ಆ ಹಡಗಿನಲ್ಲಿದ್ದ ಒಬ್ಬರು ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದುಹೋಗಿದ್ದರು. ಅವರಿಗೆ ಕೋವಿಡ್ ಇರುವುದು ಫೆಬ್ರವರಿ 1ರಂದು ಗೊತ್ತಾಯಿತು. ಅಷ್ಟರಲ್ಲಿ ಹಡಗಿನೊಳಗೆ ಸೋಂಕು ಹರಡಿಯಾಗಿತ್ತು. ಕೊನೆಗೆ 3,711 ಜನರಲ್ಲಿ 712 ಮಂದಿಗೆ ಕೋವಿಡ್ ಬಂತು. ಆಗ ಲಸಿಕೆಯೇ ಇರಲಿಲ್ಲ.

ಕೋವಿಡ್‌ಗಿಂತ ಮೊದಲೂ ಹಡಗುಗಳಲ್ಲಿ ಇಂಥವು ಆಗಿವೆ. 1997ರಲ್ಲಿ ಫ್ಲಾರಿಡಾದಿಂದ ಹೊರಡುವ ಕ್ರೂಸ್ ಹಡಗುಗಳ ಸಿಬ್ಬಂದಿಯಲ್ಲಿ ರುಬೆಲ್ಲಾ ಕಾಣಿಸಿಕೊಂಡಿತ್ತು. ಗರ್ಭಿಣಿಗೆ ಅದು ತಗಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಅಪಾಯ. 1998ರ ಬೇಸಿಗೆಯಲ್ಲಿ ಅಲಾಸ್ಕಾ ಕಡೆಗೆ ಹೋದ ಪ್ರವಾಸಿಗರಲ್ಲಿ ಫ್ಲೂ ಹರಡಿತು. ಬೇಸಿಗೆಯಲ್ಲಿ ಫ್ಲೂ ಬರುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. 2019ರಲ್ಲಿ ಒಬ್ಬರಿಗೆ ದಡಾರ ಬಂತೆಂದು ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪದವರು ಒಂದು ಹಡಗಿನಿಂದ ಯಾರನ್ನೂ ಇಳಿಯಲು ಬಿಡಲಿಲ್ಲ. ಒಬ್ಬರ ಕಾಯಿಲೆಗೆ ಇಡೀ ಹಡಗು ನಿಲ್ಲುತ್ತದೆ ಅಂದರೆ ಇದೇ.

ಹೋಗಿ ಬಂದವರು ಏನನ್ನುತ್ತಾರೆ?

ಕ್ರೂಸ್ ಮಾಡಿ ಬಂದವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. 2021ರಲ್ಲಿ ಹಡಗುಗಳು ಮತ್ತೆ ಹೊರಟಾಗ ಹೆಚ್ಚಿನ ಕಂಪನಿಗಳು ಕೋವಿಡ್ ಲಸಿಕೆ ಕಡ್ಡಾಯ ಮಾಡಿದವು. "ಎಲ್ಲರೂ ಹಾಕಿಸಿಕೊಂಡಿದ್ದಾರೆ ಅಂತ ಗೊತ್ತಿದ್ದಿದ್ದಕ್ಕೇ ನೆಮ್ಮದಿಯಾಗಿ ಊಟಕ್ಕೆ ಕೂತೆವು" ಅನ್ನುವವರು ಒಂದು ಕಡೆ. "ನನ್ನ ಮೈಗೆ ಏನು ಹಾಕಿಸಬೇಕು ಅಂತ ಹಡಗಿನವರು ಹೇಳೋದೇನು?" ಅನ್ನುವವರು ಇನ್ನೊಂದು ಕಡೆ. ಈ ಜಗಳ ಕೋರ್ಟ್‌ಗೂ ಹೋಯಿತು. ಲಸಿಕೆಯ ದಾಖಲೆ ಕೇಳಬಾರದೆಂದು ಫ್ಲಾರಿಡಾ ರಾಜ್ಯ ಕಾನೂನು ತಂದಾಗ, ಕೇಳಿಯೇ ಕೇಳುತ್ತೇವೆಂದು ನಾರ್ವೇಜಿಯನ್ ಕ್ರೂಸ್ ಕಂಪನಿ ದಾವೆ ಹೂಡಿತು. 2022ರಲ್ಲಿ ಬಹುತೇಕ ಕಡೆ ಕಡ್ಡಾಯ ಸಡಿಲವಾಯಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಡಗುಗಳಿಗಾಗಿಯೇ ನಡೆಸುತ್ತಿದ್ದ ಕೋವಿಡ್ ಕಾರ್ಯಕ್ರಮವನ್ನು ಆ ವರ್ಷ ಜುಲೈ 18ರಂದು ನಿಲ್ಲಿಸಿತು.

ಕಡ್ಡಾಯ ಬೇಡ ಅನ್ನುವವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ದುಡ್ಡು ಕಟ್ಟಿದ ಮೇಲೆ ನಿಯಮ ಬದಲಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಕಡ್ಡಾಯವಲ್ಲ ಅನ್ನುವುದೂ ಬೇಕಾಗಿಲ್ಲ ಅನ್ನುವುದೂ ಒಂದೇ ಅಲ್ಲ. ಈಗ ಹೆಚ್ಚಿನ ಕಂಪನಿಗಳು ಕೋವಿಡ್ ಲಸಿಕೆಯ ದಾಖಲೆ ಕೇಳುವುದಿಲ್ಲವಾದ್ದರಿಂದ ಪಕ್ಕದ ಟೇಬಲ್ಲಿನವರು ಹಾಕಿಸಿಕೊಂಡಿದ್ದಾರೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ರಕ್ಷಣೆಯ ಕಡೆ ನೀವು ಇನ್ನೂ ಜಾಸ್ತಿ ಗಮನ ಕೊಡಬೇಕು.

"ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡೂ ಕೆಮ್ಮು ಬಂತು, ಏನು ಪ್ರಯೋಜನ?" ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಬರಬಹುದು. ಲಸಿಕೆ ಹಾಕಿಸಿಕೊಂಡರೆ ಸೋಂಕು ತಗಲುವುದೇ ಇಲ್ಲ ಎಂದು ಯಾರೂ ಭರವಸೆ ಕೊಡುವುದಿಲ್ಲ. ತಗಲಿದರೂ ಆಸ್ಪತ್ರೆ ಸೇರುವಷ್ಟು ಆಗದಂತೆ ತಡೆಯುವುದೇ ಅದರ ದೊಡ್ಡ ಕೆಲಸ. ನಡು ಸಮುದ್ರದಲ್ಲಿ, ಆಸ್ಪತ್ರೆ ಒಂದು ದಿನದ ದಾರಿಯಾಚೆ ಇರುವಾಗ, ಅಷ್ಟೇ ದೊಡ್ಡ ವಿಷಯ.

ಹಂತ 1: ಬಂದರುಗಳನ್ನು ಕ್ರಮವಾಗಿ ಬರೆದುಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲಿ. ಹಡಗು ಎಲ್ಲಿಂದ ಹೊರಡುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಒಂದರ ಕೆಳಗೊಂದು ಬರೆಯಿರಿ. ವಿಮಾನ ಬದಲಿಸುವ ಊರುಗಳನ್ನೂ ಸೇರಿಸಿ.

ಕ್ರಮ ಯಾಕೆ ಮುಖ್ಯ ಅಂದರೆ ಹಳದಿ ಜ್ವರ. ಇದು ಆಫ್ರಿಕಾ, ದಕ್ಷಿಣ ಮತ್ತು ಮಧ್ಯ ಅಮೆರಿಕದ ಕೆಲವು ಭಾಗಗಳಲ್ಲಿ ಸೊಳ್ಳೆಯಿಂದ ಬರುವ ಕಾಯಿಲೆ. ಇದರ ನಿಯಮಗಳು ಎರಡು ಥರ. ಘಾನಾದಂಥ ಕೆಲವು ದೇಶಗಳು ಯಾರೇ ಬಂದರೂ ಸರ್ಟಿಫಿಕೇಟ್ ಕೇಳುತ್ತವೆ. ಇನ್ನೂ ಹಲವು ದೇಶಗಳು "ನೀವು ಹಳದಿ ಜ್ವರ ಇರುವ ದೇಶದಿಂದ ಬರುತ್ತಿದ್ದರೆ ಮಾತ್ರ ತೋರಿಸಿ" ಅನ್ನುತ್ತವೆ. ಅಂದರೆ ಒಂದು ಬಂದರಿನಲ್ಲಿ ಕಾಯಿಲೆಯ ಭಯವೇ ಇಲ್ಲದಿರಬಹುದು. ಆದರೆ ಅದಕ್ಕೆ ಮೊದಲು ನಿಮ್ಮ ಹಡಗು ಬ್ರೆಜಿಲ್‌ನಲ್ಲೋ ಕೊಲಂಬಿಯಾದಲ್ಲೋ ನಿಂತಿದ್ದರೆ ಅಲ್ಲಿ ನಿಮ್ಮನ್ನು ಕೇಳಬಹುದು. ಅದೇ ಬಂದರುಗಳು, ಹಿಂದೆ ಮುಂದೆ ಆದರೆ ನಿಯಮವೇ ಬೇರೆ. ಮುಗಿಸಿಕೊಂಡು ಮನೆಗೆ ಬರುವಾಗ ನಿಮ್ಮದೇ ದೇಶದವರೂ ಕೇಳಬಹುದು. ಅದನ್ನಂತೂ ಮರೆಯಬೇಡಿ.

ಕಂಪನಿಯ ಸೂಚನೆ ಓದಿ, ಅದರ ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸುವ ದೇಶವಾರು ಪಟ್ಟಿಯನ್ನೂ ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ. ಬುಕ್ ಮಾಡುವಾಗ ಒಮ್ಮೆ, ಹೊರಡುವ ಒಂದು ತಿಂಗಳ ಮೊದಲು ಇನ್ನೊಮ್ಮೆ ನೋಡಿದರೆ ಒಳ್ಳೆಯದು.

ಹಂತ 2: ಹಳೆಯ ದಾಖಲೆ ಹುಡುಕಿ

ಬಾಲ್ಯದ ಲಸಿಕೆ ಪುಸ್ತಕ, ಕೋವಿಡ್ ಸರ್ಟಿಫಿಕೇಟ್, ಹಿಂದಿನ ವಿದೇಶ ಪ್ರವಾಸದ ಹಳದಿ ಕಾರ್ಡ್ (ಲಸಿಕೆಯ ಅಂತರರಾಷ್ಟ್ರೀಯ ಸರ್ಟಿಫಿಕೇಟ್), ಗಾಯವಾದಾಗ ಹಾಕಿಸಿಕೊಂಡ ಟಿಟಿ ಚೀಟಿ. ಸಿಕ್ಕಿದ್ದನ್ನೆಲ್ಲ ಒಂದು ಕಡೆ ಇಡಿ. ಏನೂ ಸಿಗದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಎಂಎಂಆರ್‌ನಂಥ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ) ಲಸಿಕೆಯನ್ನು ಹಿಂದೆ ಹಾಕಿಸಿಕೊಂಡಿದ್ದು, ಮತ್ತೊಮ್ಮೆ ಹಾಕಿಸಿಕೊಂಡರೂ ಸಾಮಾನ್ಯವಾಗಿ ತೊಂದರೆಯಿಲ್ಲ.

ಹಂತ 3: ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಿ

ಇಷ್ಟು ಮೊದಲೇ ಯಾಕೆ? ಕಾರಣಗಳು ನೇರವಾಗಿವೆ. ಫ್ಲೂ ಲಸಿಕೆ ಕೆಲಸ ಶುರು ಮಾಡಲು ಸುಮಾರು 2 ವಾರ ಬೇಕು. ಟೈಫಾಯ್ಡ್ ಇಂಜೆಕ್ಷನ್‌ಗೂ ಅಷ್ಟೇ. ಎಂಎಂಆರ್‌ನ ಎರಡು ಡೋಸ್ ನಡುವೆ ಕನಿಷ್ಠ 28 ದಿನ ಇರಬೇಕು. ಹಳದಿ ಜ್ವರದ ಸರ್ಟಿಫಿಕೇಟ್ ಲಸಿಕೆ ಹಾಕಿದ 10 ದಿನದ ನಂತರ ಮಾತ್ರ ಚಾಲ್ತಿಗೆ ಬರುತ್ತದೆ. ಒಂಬತ್ತನೇ ದಿನ ಬಂದರಿನಲ್ಲಿ ನಿಂತರೆ ಆ ಕಾರ್ಡ್ ಇದ್ದೂ ಇಲ್ಲದ ಹಾಗೆ.

ಜೀವಂತ ಲಸಿಕೆಗಳ, ಅಂದರೆ ದುರ್ಬಲಗೊಳಿಸಿದ ಜೀವಂತ ರೋಗಾಣುವಿನಿಂದ ಮಾಡಿದ ಲಸಿಕೆಗಳ ವಿಷಯ ಬೇರೆ. ಹಳದಿ ಜ್ವರ, ಎಂಎಂಆರ್, ಸೀತಾಳೆ ಸಿಡುಬಿನ ಲಸಿಕೆಗಳು ಈ ಗುಂಪಿನವು. ಸಾಮಾನ್ಯವಾಗಿ ಇವನ್ನು ಒಂದೇ ದಿನ ಕೊಡುತ್ತಾರೆ, ಇಲ್ಲದಿದ್ದರೆ 4 ವಾರ ಬಿಟ್ಟು ಕೊಡುತ್ತಾರೆ. ಹಳದಿ ಜ್ವರ ಮತ್ತು ಎಂಎಂಆರ್ ಎರಡನ್ನೂ ಒಂದೇ ದಿನ ಬೇಡ, ತಿಂಗಳು ಅಂತರ ಇರಲಿ ಅನ್ನುವ ವೈದ್ಯರೂ ಇದ್ದಾರೆ. ಸಮಯ ಕೈಯಲ್ಲಿದ್ದರೆ ಇದೆಲ್ಲ ಸಲೀಸು.

ಇನ್ನೊಂದು ಮುಖ್ಯ ವಿಷಯ. ಹಳದಿ ಜ್ವರದ ಲಸಿಕೆ ಎಲ್ಲ ಕ್ಲಿನಿಕ್‌ನಲ್ಲೂ ಸಿಗುವುದಿಲ್ಲ. ಸರ್ಕಾರ ಒಪ್ಪಿಗೆ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಹಾಕಿ, ಅಂತರರಾಷ್ಟ್ರೀಯ ಕಾರ್ಡ್ ಕೊಡುತ್ತಾರೆ. ಕೆಲವು ಕೇಂದ್ರಗಳು ವಾರದಲ್ಲಿ ನಿಗದಿಯಾದ ದಿನ ಮಾತ್ರ ಹಾಕುತ್ತವೆ. ಮೊದಲೇ ವಿಚಾರಿಸಿ.

ವೈದ್ಯರ ಬಳಿ ಹೋಗುವಾಗ ಬಂದರುಗಳ ಪಟ್ಟಿ, ಹಳೆಯ ದಾಖಲೆ, ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಮೂರೂ ಕೈಯಲ್ಲಿರಲಿ. ಮೊಟ್ಟೆಯ ಅಲರ್ಜಿ, ಗರ್ಭ, ಕ್ಯಾನ್ಸರ್ ಚಿಕಿತ್ಸೆ, ಸ್ಟೀರಾಯ್ಡ್ ಮಾತ್ರೆ, ಥೈಮಸ್ ಗ್ರಂಥಿಯ ತೊಂದರೆ ಇವುಗಳನ್ನು ಅವರು ಕೇಳುವ ಮೊದಲೇ ಹೇಳಿಬಿಡಿ.

ಹೊರಡಲು ಒಂದೇ ವಾರ ಇದೆಯಾ? ಆದರೂ ಹೋಗಿ. ಹೆಪಟೈಟಿಸ್ ಎ ಲಸಿಕೆಯನ್ನು ಹೊರಡುವ ಮುಂಚೆ ಯಾವಾಗ ಹಾಕಿಸಿಕೊಂಡರೂ ಪ್ರಯೋಜನವಿದೆ. ಫ್ಲೂ ಲಸಿಕೆಯೂ ಪ್ರವಾಸದ ಎರಡನೇ ವಾರಕ್ಕಾದರೂ ಕೈ ಹಿಡಿಯುತ್ತದೆ. "ಈಗ ತಡವಾಯ್ತು, ಬಿಡಿ" ಅನ್ನುವುದಕ್ಕಿಂತ ಸಿಕ್ಕಿದ್ದಷ್ಟು ರಕ್ಷಣೆ ಒಳ್ಳೆಯದು.

ಹಂತ 4: ಯಾರಿಗೆ ಯಾವುದು?

ಫ್ಲೂ. ಎಲ್ಲಿಗೆ ಹೋದರೂ ಇದೊಂದನ್ನು ಬಿಡಬೇಡಿ ಎನ್ನುತ್ತೇನೆ. ಭೂಮಿಯ ಉತ್ತರ ಭಾಗದಲ್ಲಿ ಫ್ಲೂ ಕಾಲ ಹೆಚ್ಚಾಗಿ ಅಕ್ಟೋಬರ್‌ನಿಂದ ಮೇವರೆಗೆ, ದಕ್ಷಿಣ ಭಾಗದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಉಷ್ಣವಲಯದಲ್ಲಿ ವರ್ಷವಿಡೀ ಇರುತ್ತದೆ. ಹಡಗಿನಲ್ಲಿ ಈ ಮೂರೂ ಕಡೆಯ ಜನ ಒಟ್ಟಿಗೆ ಇರುತ್ತಾರೆ. ಹಾಗಾಗಿ "ಈಗ ಫ್ಲೂ ಕಾಲ ಅಲ್ಲ" ಅನ್ನುವ ಮಾತು ಹಡಗಿಗೆ ಹೊಂದುವುದಿಲ್ಲ.

ಕೋವಿಡ್. 60 ದಾಟಿದವರು, ಬೇರೆ ಕಾಯಿಲೆ ಇರುವವರು ಕೊನೆಯ ಡೋಸ್ ಯಾವಾಗ ಆಯಿತು ಎಂದು ನೋಡಿಕೊಂಡು ವೈದ್ಯರನ್ನು ಕೇಳಿ.

ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಎಂಎಂಆರ್. ಹಿಂದೆ ಎರಡು ಡೋಸ್ ಆಗಿದೆಯೇ ಖಚಿತಪಡಿಸಿಕೊಳ್ಳಿ. ದಡಾರ ಗಾಳಿಯಲ್ಲೇ ಹರಡುತ್ತದೆ. ರೋಗಿ ಕೋಣೆಯಿಂದ ಎದ್ದುಹೋದ ಮೇಲೂ 2 ಗಂಟೆಯವರೆಗೆ ವೈರಸ್ ಅಲ್ಲಿ ಉಳಿದಿರಬಹುದು. ಥಿಯೇಟರ್, ಊಟದ ಹಾಲ್ ಇರುವ ಹಡಗಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. 6ರಿಂದ 11 ತಿಂಗಳ ಮಗುವನ್ನು ವಿದೇಶಕ್ಕೆ ಕರೆದೊಯ್ಯುವಾಗ ಒಂದು ಡೋಸ್ ಮುಂಚಿತವಾಗಿ ಹಾಕಿಸುವ ಪದ್ಧತಿಯೂ ಇದೆ. ಮಕ್ಕಳ ವೈದ್ಯರನ್ನು ಕೇಳಿ.

ಸೀತಾಳೆ ಸಿಡುಬು. ಕೋವಿಡ್‌ಗೆ ಮೊದಲು ಹಡಗುಗಳಿಂದ ಸಿಡಿಸಿಗೆ ವರದಿಯಾಗುತ್ತಿದ್ದ, ಲಸಿಕೆಯಿಂದ ತಡೆಯಬಹುದಾದ ಕಾಯಿಲೆಗಳಲ್ಲಿ ಇದು ಮುಂಚೂಣಿಯಲ್ಲಿತ್ತು. ಚಿಕ್ಕಂದಿನಲ್ಲಿ ಬಂದಿಲ್ಲ, ಲಸಿಕೆಯೂ ಆಗಿಲ್ಲ ಅನ್ನುವ ದೊಡ್ಡವರು ಇದರ ಬಗ್ಗೆ ಯೋಚಿಸಬೇಕು. ದೊಡ್ಡವರಿಗೆ ಬಂದರೆ ಕಷ್ಟ ಜಾಸ್ತಿ.

ಹೆಪಟೈಟಿಸ್ ಎ ಮತ್ತು ಟೈಫಾಯ್ಡ್. ಇವೆರಡೂ ಊಟ, ನೀರಿನಿಂದ ಬರುವವು. ಹಡಗಿನ ಅಡುಗೆಗಿಂತ, ಬಂದರಿನಲ್ಲಿ ಇಳಿದು ಅಲ್ಲಿ ಇಲ್ಲಿ ತಿನ್ನುವವರಿಗೆ ಇದು ಮುಖ್ಯ.

ಧನುರ್ವಾಯು ಲಸಿಕೆ ಹಾಕಿಸಿ 10 ವರ್ಷವಾಗಿದ್ದರೆ ಬೂಸ್ಟರ್ ಹಾಕಿಸಿ. ವಯಸ್ಸಾದವರು ನ್ಯುಮೋನಿಯಾ ಲಸಿಕೆ, ಸರ್ಪಸುತ್ತಿನ ಲಸಿಕೆಗಳನ್ನು ಕೇಳಿ ನೋಡಬಹುದು. ಉಸಿರಾಟದ ಸೋಂಕು ತರುವ ಆರ್‌ಎಸ್‌ವಿ ವೈರಸ್‌ಗೂ 2023ರಿಂದ ವಯಸ್ಸಾದವರಿಗೆ ಲಸಿಕೆ ಬಂದಿದೆ. ಇವು ಪ್ರವಾಸಕ್ಕೆ ಮಾತ್ರವಲ್ಲ, ಹೇಗೂ ಬೇಕಾದವು.

ಹಳದಿ ಜ್ವರ. ಇದನ್ನು ನಿಧಾನವಾಗಿ ಯೋಚಿಸಿ ಹಾಕಿಸಿಕೊಳ್ಳಬೇಕು. ಬಹುತೇಕರಿಗೆ ಒಂದೇ ಡೋಸ್ ಜೀವನಪೂರ್ತಿ ಸಾಕು. 2016ರ ಜುಲೈ 11ರಿಂದ ಸರ್ಟಿಫಿಕೇಟ್ ಕೂಡ ಜೀವನಪರ್ಯಂತ ನಡೆಯುತ್ತದೆ. ಮೊದಲು 10 ವರ್ಷ ಮಾತ್ರ ಇತ್ತು. ಹಳೆಯ ಕಾರ್ಡ್ ಇದ್ದರೆ "ಅವಧಿ ಮುಗಿದಿದೆ" ಎಂದು ಎಸೆಯಬೇಡಿ. ಆದರೆ 60 ದಾಟಿದವರು ಮೊದಲ ಬಾರಿ ಹಾಕಿಸಿಕೊಂಡರೆ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಅಪರೂಪವೇ, ಆದರೂ ಇದೆ. ಆರು ತಿಂಗಳೊಳಗಿನ ಮಗುವಿಗೆ ಕೊಡುವುದೇ ಇಲ್ಲ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಿಗೂ ಬೇಡ.

ಹಾಗಾದರೆ ಅಂಥವರು ಏನು ಮಾಡಬೇಕು? ಎರಡು ದಾರಿ. ಕಾಯಿಲೆಯ ಅಪಾಯ ನಿಜವಾಗಿಯೂ ಇರುವ ಕಡೆ ಇಳಿಯಬೇಕಾಗಿದ್ದರೆ, ಬೇರೆ ದಾರಿಯ ಕ್ರೂಸ್ ಆರಿಸಿ. ಅಪಾಯವಿಲ್ಲ, ಬರೀ ಕಾಗದಕ್ಕಾಗಿ ಕೇಳುತ್ತಾರೆ ಅನ್ನುವುದಾದರೆ, ವೈದ್ಯರು ಅದೇ ಕಾರ್ಡ್‌ನಲ್ಲಿ ವಿನಾಯಿತಿ ಬರೆದು ಸಹಿ ಮಾಡಿ ಕೊಡುತ್ತಾರೆ. ಅದನ್ನು ಒಪ್ಪುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು. ಆದ್ದರಿಂದ ಕಂಪನಿಗೆ ಮೊದಲೇ ಬರೆದು, ಅವರ ಉತ್ತರವನ್ನು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ವಯಸ್ಸಾದ ಅಪ್ಪ ಅಮ್ಮನನ್ನು ಖುಷಿಪಡಿಸಲು ಕ್ರೂಸ್ ಬುಕ್ ಮಾಡುವ ಮಕ್ಕಳು ದಯವಿಟ್ಟು ದುಡ್ಡು ಕಟ್ಟುವ ಮೊದಲೇ ಇದನ್ನು ನೋಡಿ. ಕಟ್ಟಿದ ಮೇಲೆ ಗೊತ್ತಾದರೆ ಲಸಿಕೆಯ ಅಪಾಯ ಒಂದು ಕಡೆ, ದುಡ್ಡು ಹೋಗುವ ಸಂಕಟ ಇನ್ನೊಂದು ಕಡೆ ಎಂದು ಮನೆಯವರೆಲ್ಲ ಒದ್ದಾಡಬೇಕಾಗುತ್ತದೆ.

ಹಂತ 5: ಕಾರ್ಡನ್ನು ಅಲ್ಲೇ ಓದಿ ನೋಡಿ

ಲಸಿಕೆ ಹಾಕಿಸಿಕೊಂಡು ತೋಳು ಉಜ್ಜಿಕೊಳ್ಳುತ್ತಾ ಸುಮ್ನೆ ಹೊರಗೆ ಬರಬೇಡಿ. ಹಳದಿ ಕಾರ್ಡನ್ನು ಕೌಂಟರ್ ಎದುರಿಗೇ ಬಿಡಿಸಿ. ಹೆಸರಿನ ಅಕ್ಷರಗಳು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇವೆಯೇ? ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್ ಸರಿಯೇ? ಲಸಿಕೆ ಹಾಕಿದ ದಿನಾಂಕ, ಬ್ಯಾಚ್ ನಂಬರ್, ವೈದ್ಯರ ಸಹಿ, ಕೇಂದ್ರದ ಸೀಲು ಎಲ್ಲ ಇವೆಯೇ? ನಿಮ್ಮ ಸಹಿಯ ಜಾಗ ಖಾಲಿ ಉಳಿದಿದ್ದರೆ ಸಹಿ ಹಾಕಿ. ಸೀಲು ಮಸುಕಾಗಿದ್ದರೆ ಇನ್ನೊಮ್ಮೆ ಒತ್ತಿಸಿಕೊಳ್ಳಿ. ಅಲ್ಲಿ ಎರಡು ನಿಮಿಷದಲ್ಲಿ ಸರಿಯಾಗುವುದು ಬಂದರಿನ ಕೌಂಟರ್‌ನಲ್ಲಿ ಸರಿಯಾಗುವುದಿಲ್ಲ.

ಮೂಲ ಕಾರ್ಡ್ ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗ್‌ನಲ್ಲಿ ಬೇಡ. ಆ ಬ್ಯಾಗನ್ನು ಹತ್ತುವ ಮೊದಲೇ ತೆಗೆದುಕೊಂಡು, ಆಮೇಲೆ ಕ್ಯಾಬಿನ್‌ಗೆ ತಲುಪಿಸುತ್ತಾರೆ. ಫೋನ್‌ನಲ್ಲಿ ಫೋಟೊ ಇರಲಿ, ಆದರೆ ಫೋಟೊ ನಂಬಿಕೊಂಡು ಹೋಗಬೇಡಿ.

ಹೊರಡುವ ಹಿಂದಿನ ದಿನ ಮಾತ್ರ ಲಸಿಕೆ ಇಟ್ಟುಕೊಳ್ಳಬೇಡಿ. ಕೆಲವರಿಗೆ ಒಂದೆರಡು ದಿನ ಮೈಕೈ ನೋವು, ಜ್ವರ ಬರುತ್ತದೆ. ಹಡಗು ಹತ್ತುವಾಗ ತುಂಬಿಸುವ ಆರೋಗ್ಯ ಫಾರಂನಲ್ಲಿ ಜ್ವರ, ವಾಂತಿ, ಭೇದಿ ಇದೆಯೇ ಎಂದು ಕೇಳುತ್ತಾರೆ. ಲಸಿಕೆಯ ಜ್ವರವೋ ಕಾಯಿಲೆಯ ಜ್ವರವೋ ಎಂದು ಅಲ್ಲಿ ವಿವರಿಸುತ್ತಾ ನಿಲ್ಲುವ ಪಾಡು ಬೇಡ.

ಹಂತ 6: ಲಸಿಕೆ ಇಲ್ಲದ್ದಕ್ಕೆ ಬೇರೆ ತಯಾರಿ

ಹಡಗಿನ ವಾಂತಿ-ಭೇದಿ ಅಂದರೆ ಹೆಚ್ಚಾಗಿ ನೊರೊವೈರಸ್. ಇದಕ್ಕೆ ಲಸಿಕೆ ಇಲ್ಲ. ಬಫೆ ಬಾಗಿಲಲ್ಲಿ ಸ್ಯಾನಿಟೈಸರ್ ಒತ್ತಿಕೊಂಡು ಒಳಗೆ ಹೋಗುತ್ತೇವಲ್ಲ, ಈ ವೈರಸ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು, 20 ಸೆಕೆಂಡ್ ಚೆನ್ನಾಗಿ ಉಜ್ಜಿ ತೊಳೆಯುವುದು, ಇದೇ ಮದ್ದು. ತೊಳೆದು ಬಂದು ಸೌಟು ಹಿಡಿದರೆ ಮತ್ತೆ ಎಲ್ಲರ ಕೈ ಮುಟ್ಟಿದಂತೆಯೇ. ಆದ್ದರಿಂದ ತಟ್ಟೆಗೆ ಬಡಿಸಿಕೊಂಡು ಟೇಬಲ್‌ಗೆ ಬಂದ ಮೇಲೆ, ಕೈಯಲ್ಲಿ ತಿನ್ನುವ ಮೊದಲು ಇನ್ನೊಮ್ಮೆ ತೊಳೆಯಿರಿ.

ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳನ್ನು ಸಿಡಿಸಿಯ ಸ್ವಚ್ಛತಾ ವಿಭಾಗ 1970ರ ದಶಕದಿಂದ ನೋಡಿಕೊಳ್ಳುತ್ತಿದೆ. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ 3%ರಷ್ಟು ಜನ ವಾಂತಿ-ಭೇದಿ ಎಂದು ಹೇಳಿಕೊಂಡರೆ ಆ ಹಡಗಿನ ಹೆಸರನ್ನು ಸಾರ್ವಜನಿಕವಾಗಿ ಹಾಕುತ್ತದೆ. ಹಡಗುಗಳ ತಪಾಸಣೆಯ ಅಂಕಗಳೂ ಸಿಡಿಸಿಯ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಬುಕ್ ಮಾಡುವ ಮೊದಲು ನಿಮ್ಮ ಹಡಗಿನ ಹೆಸರು ಹಾಕಿ ನೋಡಿ.

ಸೊಳ್ಳೆ ಇರುವ ಕಡೆ ಇಳಿಯುವವರು ತುಂಬು ತೋಳಿನ ಬಟ್ಟೆ, ಸೊಳ್ಳೆ ಕಚ್ಚದಂತೆ ಹಚ್ಚಿಕೊಳ್ಳುವ ಕ್ರೀಮ್ ಇಟ್ಟುಕೊಳ್ಳಿ. ಮಲೇರಿಯಾ ಇರುವ ಜಾಗವಾದರೆ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ.

ಹಂತ 7: ವಿಮೆಯ ಸಣ್ಣ ಅಕ್ಷರ ಓದಿ

ಹಡಗಿನಲ್ಲಿ ವೈದ್ಯರು, ನರ್ಸ್ ಇರುತ್ತಾರೆ. ಆದರೆ ಅದು ಪೂರ್ತಿ ಆಸ್ಪತ್ರೆ ಅಲ್ಲ, ಬಿಲ್ ಕೂಡ ಟಿಕೆಟ್‌ನಲ್ಲಿ ಸೇರಿರುವುದಿಲ್ಲ. ಪರಿಸ್ಥಿತಿ ಕೈಮೀರಿದರೆ ಹೆಲಿಕಾಪ್ಟರ್‌ನಲ್ಲಿ ದಡಕ್ಕೆ ಸಾಗಿಸಬೇಕಾಗುತ್ತದೆ, ಆ ಖರ್ಚು ಬಹಳ. ವಿಮೆಯಲ್ಲಿ ಮೂರು ವಿಷಯ ನೋಡಿ: ಹಡಗಿನಿಂದ ಸಾಗಿಸುವ ಖರ್ಚು ಕೊಡುತ್ತಾರಾ, ಕ್ಯಾಬಿನ್‌ನಲ್ಲೇ ಪ್ರತ್ಯೇಕವಾಗಿ ಇರಿಸಿದರೆ ಪರಿಹಾರ ಇದೆಯಾ, ಬೇಕಾದ ಲಸಿಕೆ ಹಾಕಿಸಿಕೊಂಡಿಲ್ಲವೆಂದು ಹತ್ತಲು ಬಿಡದಿದ್ದರೆ ದುಡ್ಡು ವಾಪಸ್ ಬರುತ್ತದಾ. ಮೂರನೆಯದಕ್ಕೆ ಉತ್ತರ ಹೆಚ್ಚಾಗಿ ಇಲ್ಲ ಎಂದೇ.

ಹಂತ 8: ಹಡಗಿನಲ್ಲಿ ಹುಷಾರು ತಪ್ಪಿದರೆ

ಮುಚ್ಚಿಡಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕ್ಯಾಬಿನ್‌ನಲ್ಲಿ ಕೂಡಿಹಾಕುತ್ತಾರೆ, ನಾಳೆಯ ದ್ವೀಪ ತಪ್ಪಿಹೋಗುತ್ತದೆ ಎಂಬ ಹೆದರಿಕೆಗೆ ಜನ ಮಾತ್ರೆ ನುಂಗಿ ಊಟದ ಹಾಲ್‌ಗೆ ಬರುತ್ತಾರೆ. ಆ ಹಾಲ್‌ನಲ್ಲಿ ಲಸಿಕೆ ಹಾಕಿಸಿಕೊಳ್ಳಲಾಗದ ಮಗು ಇರಬಹುದು, ಕೀಮೋ ಮುಗಿಸಿ ಬಹಳ ದಿನದ ಮೇಲೆ ಹೊರಗೆ ಬಂದವರಿರಬಹುದು. ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಷ್ಟು ದಿನ ಒಳಗಿರಿ. ಊಟ ಕ್ಯಾಬಿನ್‌ಗೇ ಬರುತ್ತದೆ. ಫ್ಲೂ, ಕೋವಿಡ್ ಔಷಧಿಗಳು ಮೊದಲ ದಿನಗಳಲ್ಲೇ ಶುರು ಮಾಡಿದರೆ ಹೆಚ್ಚು ಕೆಲಸ ಮಾಡುತ್ತವೆ. ಬೇಗ ಹೇಳಿದರೆ ನಿಮಗೂ ಲಾಭ.

ಹಂತ 9: ಮನೆಗೆ ಬಂದ ಮೇಲೆ

ವಾಪಸ್ ಬಂದು ಕೆಲವು ವಾರಗಳಲ್ಲಿ ಜ್ವರ ಬಂದರೆ, ವೈದ್ಯರಿಗೆ ಮೊದಲು ಹೇಳಬೇಕಾದದ್ದು ಯಾವ್ಯಾವ ಬಂದರಿನಲ್ಲಿ ಇಳಿದಿದ್ದಿರಿ ಎಂಬುದು. ಮೊದಲ ಹಂತದಲ್ಲಿ ಬರೆದ ಪಟ್ಟಿಯನ್ನೇ ತೋರಿಸಿ. ಮಲೇರಿಯಾ ತಿಂಗಳುಗಳ ಮೇಲೂ ತಲೆ ಎತ್ತಬಹುದು. ಲಸಿಕೆಗಳಲ್ಲೂ ಒಂದು ಬಾಕಿ ಉಳಿದಿರುತ್ತದೆ: ಹೆಪಟೈಟಿಸ್ ಎ ಎರಡನೇ ಡೋಸ್. ಮೊದಲನೆಯದು ಹಾಕಿಸಿ 6 ತಿಂಗಳಾದ ಮೇಲೆ ಇದನ್ನು ಹಾಕಿಸಿಕೊಂಡರೆ ರಕ್ಷಣೆ ಬಹಳ ವರ್ಷ ಇರುತ್ತದೆ. ಪ್ರವಾಸ ಮುಗಿದ ಮೇಲೆ ಇದು ಮರೆತೇ ಹೋಗುತ್ತದೆ. ಮೊದಲ ಡೋಸ್ ಹಾಕಿಸಿದ ದಿನವೇ ಫೋನ್‌ನಲ್ಲಿ ಆ ತಾರೀಖಿಗೆ ರಿಮೈಂಡರ್ ಇಟ್ಟುಬಿಡಿ.